ನೀರಜೇಡ ಮತ್ತು ಬುಗುರಿ ಹುಳ

ನಮ್ಮ ಕಡೆ ಸಮುದ್ರವಿಲ್ಲ. ದಂಡೆ ಎಂದರೆ ನಮಗೆ ಕೆರೆಯ ದಂಡೆಯೇ. ಅಣ್ಣಿಗೇರಿಯಿಂದ ಎರಡು ಹರದಾರಿ ಒಳಗಿರುವ ನಮ್ಮೂರಿನ ಎರೆಭೂಮಿಯಲ್ಲಿ ಎಲ್ಲಿ ಬೋರು ಕೊರೆದರೂ ಸವಳು ನೀರು. ಆದ್ದರಿಂದ ಕಾಲುವೆಯಿಂದ ವರ್ಷಕ್ಕೆ ಒಂದೆರಡು ಸಲ ತುಂಬಿಸಿಕೊಳ್ಳುವ ಕೆರೆಯ ನೀರನ್ನೇ ಊರು ಕುಡಿಯುತ್ತದೆ. ಒಳಗೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ, ಮುಖ ತೊಳೆಯುವುದಿಲ್ಲ, ಬಾಯಿ ಮುಕ್ಕಳಿಸುವುದಿಲ್ಲ. ಹಾಗೆಂದು ಎಲ್ಲಿಯೂ ಬೋರ್ಡು ಹಾಕಿಲ್ಲ. ನಡೆಯಲು ಕಲಿತ ಕೂಸನ್ನು ಮೊದಲ ಸಲ ಕೆರೆಗೆ ಕರೆತಂದ ತಾಯಿ ಗೇಟಿನ ಹೊರಗೆ ಅದರ ಚಪ್ಪಲಿ ಬಿಚ್ಚಿಸುತ್ತಾಳೆ. ಅಲ್ಲಿಗೆ ಪಾಠ ಮುಗಿಯಿತು.

ಆ ಗೇಟಿನ ಕೀಲಿ ಹನ್ನೆರಡು ವರ್ಷದಿಂದ ನನ್ನಲ್ಲಿದೆ. ಪಂಚಾಯಿತಿಯವರು ಕೊಟ್ಟ ಕೆಲಸ. ಮುಂಜಾನೆ ಐದೂವರೆಗೆ ತೆಗೆದು ಹತ್ತಕ್ಕೆ ಮುಚ್ಚುತ್ತೇನೆ. ಸಂಜೆ ನಾಲ್ಕಕ್ಕೆ ತೆಗೆದು ಏಳಕ್ಕೆ ಮುಚ್ಚುತ್ತೇನೆ. ದಿನಾ ಇಳಿಯುವ ಕಲ್ಲಿನ ಮೆಟ್ಟಿಲುಗಳಲ್ಲಿ ಎಷ್ಟು ಪಾವಟಿಗೆ ನೀರಿನಿಂದ ಹೊರಗೆ ಬಿದ್ದಿವೆ ಎಂದು ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತೇನೆ. ಗಾಳಿ ಯಾವ ಕಡೆಯದು, ಯಾವ ಹಕ್ಕಿ ಬಂದಿತ್ತು, ಯಾರು ಹೊಸ ಹಗ್ಗ ತಂದರು, ಇಂಥವನ್ನೂ ಬರೆಯುತ್ತೇನೆ. ಅದನ್ನು ಬರೆಯೆಂದು ಯಾರೂ ಹೇಳಿಲ್ಲ. ಹೆಂಡತಿ ತೀರಿಕೊಂಡ ವರ್ಷವೇ ಈ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ಬರೆಯುವ ಚಟ ಹತ್ತಿತು ಅಂತ ಕಾಣುತ್ತದೆ. ಮಗಳನ್ನು ಕುಬಿಹಾಳಕ್ಕೆ ಕೊಟ್ಟಿದ್ದೇನೆ. ಎರಡು ದಿನಕ್ಕೊಮ್ಮೆ ಫೋನು ಮಾಡಿ ಏನು ಅಡಿಗೆ ಮಾಡಿಕೊಂಡೆ ಎಂದು ಕೇಳುತ್ತಾಳೆ. ಒಂದೇ ಪಲ್ಯವನ್ನು ಎರಡು ಹೊತ್ತು ತಿಂದಿದ್ದರೂ ಎರಡು ಹೆಸರು ಹೇಳುತ್ತೇನೆ.

ಕೆರೆಗೆ ದಿನಾ ನೂರಾರು ಮಂದಿ ಬರುತ್ತಾರೆ, ಆದರೆ ಕೊಡ ತುಂಬುವವರಿಗೆ ನಿಂತು ಮಾತಾಡಲು ಪುರುಸೊತ್ತಿಲ್ಲ. ನಿಂತು ಮಾತಾಡುತ್ತಿದ್ದವನು ಒಬ್ಬನೇ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯವನು, ನನ್ನ ಗೆಳೆಯ. ಏಳನೆಯ ಇಯತ್ತೆಯವರೆಗೆ ಒಂದೇ ತಟ್ಟಿನ ಮೇಲೆ ಕುಳಿತು ಕಲಿತವರು ನಾವು. ಸೈಕಲ್ಲಿಗೆ ನಾಲ್ಕು ಕೊಡ ಕಟ್ಟಿಕೊಂಡು ಬಂದು ದಿನಾ ಎರಡು ಖೇಪು ನೀರು ಒಯ್ಯುತ್ತಿದ್ದ. ಮೊದಲನೆಯ ಖೇಪಿಗೆ ಬಂದಾಗ ಕೊಡ ತುಂಬಿಟ್ಟು ನನ್ನ ಬಾಜು ಪಾವಟಿಗೆಯ ಮೇಲೆ ಕುಳಿತು ಒಂದು ಬೀಡಿ ಸೇದುವಷ್ಟು ಹೊತ್ತು ಇರುತ್ತಿದ್ದ. ಬೀಡಿ ಸೇದುತ್ತಿರಲಿಲ್ಲ, ಕೆರೆಯೊಳಗೆ ಅದೂ ಕೂಡದು. ಕಿವಿಯ ಸಂದಿಯಲ್ಲಿ ಇಟ್ಟುಕೊಂಡಿರುತ್ತಿದ್ದ.

ಕೆರೆಯ ಹುಳಗಳನ್ನು ನೋಡಲು ನಾವು ಕಲಿತದ್ದು ಹಾಗೆ ಕುಳಿತೇ.

ನೀರಿನ ಮೈಮೇಲೆ ಸಂಸಾರ ಹೂಡುವ ಹುಳಗಳಲ್ಲಿ ನಮ್ಮ ಕೆರೆಯಲ್ಲಿ ಕಣ್ಣಿಗೆ ಬೀಳುವವು ಎರಡು. ಒಂದು ಉದ್ದ ಕಾಲಿನದು. ಊರಲ್ಲಿ ಅದಕ್ಕೆ ನೀರಜೇಡ ಅನ್ನುತ್ತಾರೆ. ಜೇಡವಲ್ಲ ಅದು. ಜೇಡಕ್ಕೆ ಎಂಟು ಕಾಲು, ಇದಕ್ಕೆ ಆರು. ಮುಂದಿನ ಎರಡು ಗಿಡ್ಡ, ಹಿಡಿದು ತಿನ್ನಲಿಕ್ಕೆ. ನಡುವಿನ ಎರಡು ಹುಟ್ಟು ಹಾಕಲಿಕ್ಕೆ, ಹಿಂದಿನ ಎರಡು ದಿಕ್ಕು ತಿರುಗಿಸಲಿಕ್ಕೆ. ಅದು ಈಜುವುದಿಲ್ಲ, ನಿಲ್ಲುತ್ತದೆ. ಕಾಲೂರಿದಲ್ಲಿ ನೀರು ಹಾಲಿನ ಕೆನೆಯ ಹಾಗೆ ತುಸು ತಗ್ಗುತ್ತದೆ, ಒಡೆಯುವುದಿಲ್ಲ. ಬಿಸಿಲು ಏರಿದ ಮೇಲೆ ನೀರೊಳಗಿನ ಪಾವಟಿಗೆಯ ಮೇಲೆ ಅದರ ನೆರಳು ನೋಡಬೇಕು. ಹುಳ ನೋಡಿದರೆ ಕಸಬರಿಗೆಯ ಕಡ್ಡಿಯಷ್ಟು, ನೆರಳು ಮಾತ್ರ ಹುಣಸೆ ಬೀಜದಷ್ಟು ದಪ್ಪನೆಯ ನಾಲ್ಕು ಬೊಟ್ಟು. ಎಷ್ಟೋ ಸಲ ಮೊದಲು ನೆರಳು ಕಂಡು ಆಮೇಲೆ ಹುಳ ಹುಡುಕಿದ್ದಿದೆ.

ಇನ್ನೊಂದು ಕಲ್ಲಂಗಡಿ ಬೀಜದಂಥದು. ಕರಿ, ನುಣುಪು, ಎಣ್ಣೆ ಸವರಿದ ಹಾಗೆ. ಇದು ನೀರಿನ ಮೇಲೂ ಅಲ್ಲ ಕೆಳಗೂ ಅಲ್ಲ, ಅರ್ಧ ಮುಳುಗಿ ಅರ್ಧ ತೇಲಿ ಇರುತ್ತದೆ. ಸುಮ್ಮನಿರುವುದು ಗೊತ್ತಿಲ್ಲ, ಸುತ್ತುತ್ತಲೇ ಇರುತ್ತದೆ. ಬುಗುರಿ ಹುಳ ಎಂದು ಹೆಸರಿಟ್ಟವನು ಗೆಳೆಯ. ಅದಕ್ಕೆ ಮೇಲೆ ಎರಡು, ಕೆಳಗೆ ಎರಡು ಕಣ್ಣು ಇವೆ ಎಂದು ಒಮ್ಮೆ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಭೂತಗನ್ನಡಿ ಹಿಡಿದು ತೋರಿಸಿದರು. ಆಕಾಶ ನೋಡುವ ಕಣ್ಣು ಬೇರೆ, ನೀರೊಳಗೆ ನೋಡುವ ಕಣ್ಣು ಬೇರೆ. ಮೇಲಿಂದ ಕೊಕ್ಕರೆ, ಕೆಳಗಿಂದ ಮೀನು, ಎರಡರ ಕಡೆಗೂ ಒಟ್ಟಿಗೇ ಎಚ್ಚರ. ಕೈಯಲ್ಲಿ ಹಿಡಿದರೆ ಬೆರಳಿಗೆ ಹುಳಿತ ಹಣ್ಣಿನ ವಾಸನೆ ಬಿಟ್ಟು ಹೋಗುತ್ತದೆ. ಹೆದರಿದರೆ ಹಿಂದೆ ಒಂದು ಗಾಳಿಗುಳ್ಳೆ ಕಟ್ಟಿಕೊಂಡು ಬುಳಕ್ಕನೆ ಮುಳುಗುತ್ತದೆ.

ಎರಡಕ್ಕೂ ಒಂದೇ ಊಟ. ಮೇಲಿನಿಂದ ನೀರಿಗೆ ಬಿದ್ದ ಇರುವೆ, ರೆಕ್ಕೆ ತೊಯ್ದ ಪತಂಗ. ಒಮ್ಮೆ ಒಂದೇ ಪತಂಗಕ್ಕೆ ಎರಡೂ ಬಂದದ್ದನ್ನು ನೋಡಿದೆವು. ಜೇಡ ಮೊದಲು ತಲುಪಿ ಹೀರುತ್ತಿತ್ತು. ಬುಗುರಿಗಳು ಏಳೆಂಟು ಒಟ್ಟಿಗೆ ನುಗ್ಗಿದವು. ಜೇಡ ಒಂದು ಗೇಣು ಹಿಂದೆ ಸರಿದು ನಿಂತಿತು. ಅವು ತಿಂದು ಹೋದ ಮೇಲೆ ಮತ್ತೆ ಬಂದು ಉಳಿದದ್ದನ್ನು ಹಿಡಿದುಕೊಂಡಿತು. ಬುಗುರಿಗಳು ಹಗಲೆಲ್ಲ ಮೂವತ್ತು ನಲವತ್ತು ಕೂಡಿ ನೆರಳಿನ ಕಲ್ಲಿನ ಬುಡದಲ್ಲಿ ಸುತ್ತುತ್ತವೆ. ಅಷ್ಟು ವೇಗದಲ್ಲಿ ಸುತ್ತಿದರೂ ಒಂದಕ್ಕೊಂದು ಢಿಕ್ಕಿ ಹೊಡೆದದ್ದು ನಾನು ಕಂಡಿಲ್ಲ. ಜೇಡಗಳು ಒಂದೇ ನೀರಿನಲ್ಲಿದ್ದರೂ ತಮ್ಮ ತಮ್ಮ ಅಂತರ ಬಿಟ್ಟು ನಿಲ್ಲುತ್ತವೆ.

“ನೀ ಜೇಡ ಅದಿ ನೋಡಲೇ,” ಅಂದಿದ್ದ ಗೆಳೆಯ. “ಯಾರರ ಬಾಜು ಬಂದ್ರ ಸರದು ನಿಂದರತಿ. ನಾ ಬುಗುರಿ. ನಾಲ್ಕ ಮಂದ್ಯಾಗ ತಿರುಗಾಡದಿದ್ರ ನನ್ನ ಚಹಾನ ಕುದಿಯೂದಿಲ್ಲ.”

ಹಾಗಾದರೆ ನನ್ನ ಬಾಜು ಯಾಕೆ ಕುಳಿತಿದ್ದೀ ಎಂದು ಕೇಳಿದ್ದಕ್ಕೆ, ಕಲ್ಲು ತಣ್ಣಗಿದೆ ಅದಕ್ಕೆ, ಎಂದು ಹೇಳಿ ಎದ್ದು ಹೋದ.

ಎರಡು ಹುಳಗಳ ನಡುವಿನ ಇನ್ನೊಂದು ಅಂತರ ನನಗೆ ತಿಳಿದದ್ದು ಒಬ್ಬ ಪರವೂರ ಲಾರಿ ಕ್ಲೀನರನಿಂದ. ಕೆಲವು ವರ್ಷಗಳ ಹಿಂದೆ ಆತ ಗೊತ್ತಿಲ್ಲದೆ ಕೆರೆಗಿಳಿದು ಸಬಕಾರ ಹಚ್ಚಿ ಅಂಗಿ ಒಗೆದಿದ್ದ. ನಾನು ಹೋಗುವಷ್ಟರಲ್ಲಿ ಆ ಜಾಗದ ನೀರಜೇಡಗಳೆಲ್ಲ ನೀರೊಳಗೆ ಇಳಿದುಹೋಗಿದ್ದವು. ಅಷ್ಟು ದಿನ ನೆಲದ ಹಾಗೆ ಹೊತ್ತುಕೊಂಡಿದ್ದ ನೀರು ಒಮ್ಮೆಲೇ ಕೈಬಿಟ್ಟಿತ್ತು. ಸಬಕಾರ ನೀರಿನ ಕೆನೆ ಒಡೆಯುತ್ತದೆ ಎಂದು ಮಾಸ್ತರರು ಬಿಡಿಸಿ ಹೇಳಿದರು. ಬುಗುರಿಗಳಿಗೂ ತ್ರಾಸವಾಗಿತ್ತು, ಆದರೆ ಅವು ಈಜು ಬಲ್ಲವು. ಗುಂಪುಗೂಡಿ ನಡುನೀರಿಗೆ ಹೋಗಿ ಅಲ್ಲಿ ಸುತ್ತುತ್ತಿದ್ದವು. ಅಂದಿನಿಂದ ನನಗೊಂದು ಧೈರ್ಯ ಬಂದಿತ್ತು. ನಾನು ಮನೆಗೆ ಹೋದ ಹೊತ್ತಿನಲ್ಲಿ ಕೆರೆಗೆ ಯಾರು ಏನು ಮಾಡಿದರೂ ಆ ಹುಳ ನೋಡಿದರೆ ನನಗೆ ಗೊತ್ತಾಗುತ್ತದೆ ಎಂದು. ಅದು ಬರೀ ಧೈರ್ಯವಾಗಿರಲಿಲ್ಲ, ತುಸು ಸೊಕ್ಕೂ ಇತ್ತು. ಈಗ ಹೇಳಬಹುದು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಾನೇ ಅರ್ಜಿ ಬರೆದು ಕೆರೆಯ ಸುತ್ತ ತಂತಿಬೇಲಿ ಹಾಕಿಸಿದೆ. ಅಲ್ಲಿಯವರೆಗೆ ಪಡುವಣ ಏರಿ ಬಯಲಾಗಿತ್ತು. ಆಡುಗಳು ಹತ್ತುತ್ತಿದ್ದವು. ಏರಿಯ ಮೇಲಿನ ಅಂಟವಾಳದ ಗಿಡಕ್ಕೆ ಕಾಯಿ ಬಂತೆಂದರೆ ಹೆಣ್ಣುಮಕ್ಕಳು ಚಪ್ಪಲಿ ಕಾಲಲ್ಲೇ ಬಂದು ಉಡಿಯಲ್ಲಿ ಆರಿಸಿಕೊಂಡು ಹೋಗುತ್ತಿದ್ದರು. ಅಂಗಡಿಯ ಪುಡಿ ಎಷ್ಟು ಬಂದರೂ ರೇಶಿಮೆ ಸೀರೆಗೆ, ಕಂಬಳಿಗೆ, ಬಂಗಾರಕ್ಕೆ ಇಂದಿಗೂ ಅಂಟವಾಳದ ನೊರೆಯೇ ಬೇಕು. ಅವರು ಬಂದರೆ ಅರ್ಧ ತಾಸು ನಗೆ, ಮಾತು, ಗದ್ದಲ. ಬೇಲಿ ಬಂದ ಮೇಲೆ ಅದು ನಿಂತಿತು. ಕೆರೆ ಚೊಕ್ಕವಾಯಿತು ಎಂದು ನೋಟುಬುಕ್ಕಿನಲ್ಲಿ ಬರೆದೆ.

ಮರುವರ್ಷ ಶಿವರಾತ್ರಿಗೆ ಇನ್ನೂ ಒಂದು ವಾರವಿತ್ತು. ಗೆಳೆಯ ಎಂದಿನಂತೆ ಬಂದ. ಅವನು ನೀರು ತುಂಬುತ್ತಿದ್ದದ್ದು ದೊಡ್ಡ ಪಾವಟಿಗೆಯಲ್ಲಲ್ಲ. ಅಲ್ಲಿ ಹೆಣ್ಣುಮಕ್ಕಳ ಸಾಲು ಇರುತ್ತದೆಂದು ಪಡುವಣ ಮೂಲೆಯ ನಾಲ್ಕೈದು ಸಣ್ಣ ಪಾವಟಿಗೆಗಳ ಹತ್ತಿರ. ಆ ದಿನ ಸೈಕಲ್ಲಿನ ಹ್ಯಾಂಡಲ್ಲಿಗೆ ಚಹಾದ ಗ್ಲಾಸುಗಳ ತಂತಿಯ ಸ್ಟ್ಯಾಂಡು ತೂಗುಬಿದ್ದಿತ್ತು. ಹಿಂದಿನ ಸಂಜೆ ಯಾರದೋ ಮನೆಗೆ ಚಹಾ ಕೊಟ್ಟು ಖಾಲಿ ಗ್ಲಾಸು ತರುತ್ತಿದ್ದಿರಬೇಕು. ಆ ದಿನ ನನ್ನ ಹತ್ತಿರ ಕೂರಲೂ ಇಲ್ಲ, ಅಂಗಡಿಗೆ ಹೊತ್ತಾಗಿದೆ ಎಂದು ಹೋದ. ಅವನು ಹೋದ ಮೇಲೆ ನಾನು ಸುತ್ತು ಹಾಕುತ್ತ ಆ ಮೂಲೆಗೆ ಬಂದರೆ ಕಲ್ಲುಗಳ ಅಂಚಿಗೆ ಬಿಳಿ ನೊರೆ. ನೀರಜೇಡಗಳು ಕೆಲವು ಮುಳುಗಿದ್ದವು, ಕೆಲವು ಅರ್ಧ ಇಳಿದು ಕಾಲು ಎಳೆದುಕೊಳ್ಳುತ್ತಿದ್ದವು. ಬುಗುರಿಗಳು ಬುಡದ ನೆರಳು ಬಿಟ್ಟು ನಡುನೀರಿಗೆ ಹೋಗಿದ್ದವು. ಅಂಗಿ ಒಗೆದ ದಿನ ಕಂಡ ಹಾಗೆಯೇ.

ನಾನು ಎರಡೂ ಕೂಡಿಸಿ ನೋಡಿದೆ. ಗ್ಲಾಸು, ನೊರೆ. ಹೊತ್ತಾಗಿದೆ ಎಂದು ಅವನು ಅವಸರ ಮಾಡಿದ್ದು.

ಎರಡನೆಯ ಖೇಪಿಗೆ ಅವನು ಬರುವವನೇ ಇದ್ದ. ಅರ್ಧ ತಾಸು ಕಾದಿದ್ದರೆ ಕೇಳಬಹುದಿತ್ತು. ನಾನು ಕಾಯಲಿಲ್ಲ. ನೀರಿನ ಹೊತ್ತು ಮುಗಿಯುವ ಮೊದಲೇ ಗೇಟಿಗೆ ಕೀಲಿ ಹಾಕಿ ಪಂಚಾಯಿತಿಗೆ ಹೋಗಿ, ಚಹಾದಂಗಡಿಯವನು ಕೆರೆಯಲ್ಲಿ ಗ್ಲಾಸು ತೊಳೆದಿದ್ದಾನೆ, ಗೆಳೆಯನೇ ಆದರೂ ಹೇಳಬೇಕಾದದ್ದು ನನ್ನ ಕೆಲಸ ಎಂದು ಹೇಳಿ ಬಂದೆ. ಹೀಗೆ ಹೇಳುವಾಗ ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇತ್ತು.

ನಮ್ಮೂರಲ್ಲಿ ಕೆರೆಗೆ ತಪ್ಪಿ ನಡೆದವರಿಗೆ ದಂಡ ಹಾಕುವ ರೂಢಿಯಿಲ್ಲ. ತಪ್ಪಿನ ಕಾಯಿ ಎಂದು ಒಂದಿದೆ. ತಪ್ಪು ಮಾಡಿದವನು ಮುಂಜಾನೆ ನೀರಿನ ಹೊತ್ತಿಗೆ ಗೇಟಿನ ಹೊಸ್ತಿಲ ಕಲ್ಲಿನ ಮೇಲೆ ಒಂದು ತೆಂಗಿನಕಾಯಿ ಒಡೆಯಬೇಕು. ನೀರಿಗೆ ಬಂದವರೆಲ್ಲ ಅದರ ಒಂದೊಂದು ಚೂರು ತಿನ್ನಬೇಕು. ಚೂರು ತಿಂದ ಮೇಲೆ ಆ ಮಾತನ್ನು ಊರಲ್ಲಿ ಯಾರೂ ಎಂದೂ ಎತ್ತಬಾರದು. ಜಗಳದಲ್ಲೂ ಎತ್ತಬಾರದು, ನಗೆಯಲ್ಲೂ ಎತ್ತಬಾರದು. ಎತ್ತಿದ್ದನ್ನು ನಾನು ಕೇಳಿಯೂ ಇಲ್ಲ.

ಮರುದಿನ ಮುಂಜಾನೆ ಗೇಟಿನಲ್ಲಿ ಇಪ್ಪತ್ತು ಮೂವತ್ತು ಮಂದಿ ಇದ್ದರು. ಊರಿನ ಹಿರಿಯರೊಬ್ಬರು ಗೆಳೆಯನಿಗೆ ವಿಷಯ ತಿಳಿಸಿದರು. ಅವನು ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

“ನೀ ಕಣ್ಣಿಲೆ ನೋಡಿಯೇನು?”

“ಹುಳ ನೋಡೀನಿ,” ಅಂದೆ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ವಾದವನ್ನೂ ಮಾಡಲಿಲ್ಲ. ನಾಲ್ಕು ಜನ ಬಂದು ಕುಡಿದು ಹೋಗುವ ಅಂಗಡಿ ಇಟ್ಟವನು ನೀರಿನ ವಿಷಯಕ್ಕೆ ಗೇಟಿನಲ್ಲಿ ನಿಂತು ವಾದ ಮಾಡಿದರೆ ಮಾತು ತಿಂಗಳುಗಟ್ಟಲೆ ಬೆಳೆಯುತ್ತದೆ, ಕಾಯಿ ಒಡೆದರೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಅದು ಅವನಿಗೆ ಗೊತ್ತಿತ್ತು. ಅಂಗಡಿಯಿಂದ ಕಾಯಿ ತರಿಸಿ ಒಂದೇ ಏಟಿಗೆ ಒಡೆದ. ಚೂರು ಮಾಡಿ ತಾನೇ ಎಲ್ಲರ ಕೈಗೂ ಹಾಕಿದ. ನನ್ನ ಕೈಗೂ ಹಾಕಿದ. ನಾನು ತಿಂದೆ. ಆಮೇಲೆ ನಾಲ್ಕೂ ಖಾಲಿ ಕೊಡ ಸೈಕಲ್ಲಿಗೆ ಕಟ್ಟಿಕೊಂಡು ಹಾಗೆಯೇ ಹೋದ.

ಅಂದಿನಿಂದ ಕೆರೆಗೆ ಬರಲಿಲ್ಲ. ಊರ ಆಚೆ ಶುದ್ಧ ನೀರಿನ ಘಟಕವಿದೆ, ಅಲ್ಲಿಂದ ತರಲು ಶುರು ಮಾಡಿದ. ದಾರಿ ಕೆರೆಯ ಏರಿಯ ಕೆಳಗಿನದೇ. ಆರೂ ಕಾಲಿಗೆ ಸೈಕಲ್ಲು ಹೋಗುತ್ತಿತ್ತು, ಆರೂ ಮುಕ್ಕಾಲಿಗೆ ಬರುತ್ತಿತ್ತು. ಹೋಗುವಾಗ ಖಾಲಿ ಕೊಡಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಬರುವಾಗ ಸರಪಳಿಯ ಸದ್ದು ಮಾತ್ರ. ಮೊದಮೊದಲು ನಾನು ಆ ಹೊತ್ತಿಗೆ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದೆ. ಅವನು ತಲೆಯೆತ್ತುತ್ತಿರಲಿಲ್ಲ. ಆಮೇಲೆ ಆ ಹೊತ್ತಿಗೆ ಬೇರೆ ಕಡೆ ಕೆಲಸ ಹಚ್ಚಿಕೊಂಡೆ. ತಪ್ಪು ಅವನದು, ಕಾಯಿ ಒಡೆದು ಮುಗಿಸಿದ್ದಾನೆ, ಮುನಿಸು ಎಷ್ಟು ದಿನ ಇದ್ದೀತು ಎಂದುಕೊಳ್ಳುತ್ತಿದ್ದೆ. ಮುಂಗಾರು ಬಂತು, ಕಾಲುವೆ ನೀರು ಬಂತು, ಪಾವಟಿಗೆಗಳೆಲ್ಲ ಮುಳುಗಿ ನವರಾತ್ರಿಗೆ ಮತ್ತೆ ಒಂದೊಂದಾಗಿ ಹೊರಗೆ ಬಂದವು.

ಆ ವರ್ಷ ನಾನು ಹುಳಗಳನ್ನು ದಿನಾ ಬರೆದೆ. ಅವನಿದ್ದಾಗ ನೋಡುವುದಷ್ಟೇ ಇತ್ತು, ಬರೆಯುವುದು ಇರಲಿಲ್ಲ. ಹೊಸ ನೀರು ಬಂದ ಒಂಬತ್ತನೆಯ ದಿನಕ್ಕೆ ಜೇಡ, ಹದಿಮೂರನೆಯ ದಿನಕ್ಕೆ ಬುಗುರಿ. ಮಳೆ ಜೋರಾದರೆ ಜೇಡ ಕಲ್ಲಿನ ಸಂದಿಗೆ ಸೇರುತ್ತದೆ, ಬುಗುರಿ ಮುಳುಗಿ ಕೂರುತ್ತದೆ. ಮೋಡ ಕವಿದ ದಿನ ಜೇಡಕ್ಕೆ ನೆರಳಿಲ್ಲ. ಹೀಗೆ. ಓದಿ ತೋರಿಸುವವರಿಲ್ಲದ ಬರಹ ಉದ್ದವಾಗುತ್ತ ಹೋಗುತ್ತದೆ. ಒಂದೇ ವರ್ಷದಲ್ಲಿ ಮೂರು ನೋಟುಬುಕ್ಕು ಮುಗಿದವು. ಒಮ್ಮೊಮ್ಮೆ ಒಳ್ಳೆಯ ಸಂಗತಿ ಕಂಡರೆ ಬಾಜು ತಿರುಗಿ ಹೇಳಹೋಗುತ್ತಿದ್ದೆ. ಬಾಜು ಕಲ್ಲು ಇರುತ್ತಿತ್ತು.

ಹೋದ ಸಲದ ಶಿವರಾತ್ರಿಗೆ ಐದು ದಿನ ಮೊದಲು, ಮುಂಜಾನೆ, ಇನ್ನೂ ಗೇಟು ತೆಗೆದಿರಲಿಲ್ಲ. ಗೇಟು ತೆಗೆಯುವ ಮೊದಲೇ ಒಂದು ಸುತ್ತು ಹಾಕುವುದು ಹಿಂದಿನ ವರ್ಷದ ಆ ನೊರೆಯ ಮೇಲೆ ನಾನು ಹಚ್ಚಿಕೊಂಡ ರೂಢಿ. ಪಡುವಣ ಮೂಲೆಗೆ ಬಂದೆ. ಕಲ್ಲುಗಳ ಅಂಚಿಗೆ ಬಿಳಿ ನೊರೆ. ಜೇಡಗಳು ಮುಳುಗಿದ್ದವು. ಬುಗುರಿಗಳು ನಡುನೀರಿನಲ್ಲಿ ಸುತ್ತುತ್ತಿದ್ದವು.

ಹಿಂದಿನ ಸಂಜೆ ಗೇಟು ಮುಚ್ಚುವಾಗ ನೋಡಿದ್ದೆ, ಮೂಲೆ ಚೊಕ್ಕವಾಗಿತ್ತು. ಬೇಲಿ ಎಲ್ಲಿಯೂ ಹರಿದಿರಲಿಲ್ಲ. ಏರಿಯ ಧೂಳಿನಲ್ಲಿ ನನ್ನ ಹೆಜ್ಜೆ ಬಿಟ್ಟರೆ ಇನ್ನೊಬ್ಬರ ಹೆಜ್ಜೆ ಇರಲಿಲ್ಲ. ಇದ್ದದ್ದು ಗಾಳಿ ಮಾತ್ರ. ರಾತ್ರಿಯೆಲ್ಲ ಮೂಡಣ ಗಾಳಿ ಬೀಸಿ ನೀರು ಆ ಮೂಲೆಯ ಕಲ್ಲುಗಳಿಗೆ ಹೊಡೆದಿತ್ತು. ನಾನು ಪಾವಟಿಗೆ ಇಳಿದು ಕಲ್ಲಿನ ಸಂದಿಗೆ ಕೈ ಹಾಕಿದೆ. ಮೆತ್ತಗಿನದೇನೋ ಸಿಕ್ಕಿತು. ತೆಗೆದು ನೋಡಿದರೆ ಅಂಟವಾಳಕಾಯಿ, ನೆನೆದು ಸಿಪ್ಪೆ ಬಿಟ್ಟುಕೊಂಡಿತ್ತು. ಇನ್ನೊಮ್ಮೆ ಹಾಕಿದರೆ ಹಿಡಿ ತುಂಬ ಬಂತು. ಮೇಲೆ ನೋಡಿದೆ. ಏರಿಯ ಮೇಲಿನ ಗಿಡದಿಂದ ಉದುರಿದ ಕಾಯಿಗಳು ಇಳಿಜಾರಿನಲ್ಲಿ ಉರುಳಿ ಉರುಳಿ ಕಲ್ಲುಗಳ ನಡುವೆ ರಾಶಿಯಾಗಿದ್ದವು. ಬೇಲಿ ಹಾಕುವ ಮೊದಲು ಅವು ನೆಲದ ಮೇಲೆ ಎರಡು ದಿನವೂ ಉಳಿಯುತ್ತಿರಲಿಲ್ಲ. ಉಡಿಯಲ್ಲಿ ಆರಿಸಿಕೊಂಡು ಹೋಗುವವರನ್ನು ನಾನೇ ಹೊರಗೆ ಹಾಕಿದ್ದೆ.

ಹಳೆಯ ನೋಟುಬುಕ್ಕು ಹುಡುಕಿ ತೆಗೆದು ತಿರುವಿದೆ. ಹಿಂದಿನ ವರ್ಷದ ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿತ್ತು: ಮೂಡಣ ಗಾಳಿ, ಜೋರು.

ಆದರೂ ನಂಬಲು ಮನಸ್ಸು ಒಪ್ಪಲಿಲ್ಲ. ಗೇಟು ತೆಗೆದು, ನೀರಿನ ಹೊತ್ತು ಮುಗಿದ ಮೇಲೆ ಮನೆಯಿಂದ ಒಂದು ಹಿಂಡಾಲಿಯಂ ಬೋಗುಣಿ ತಂದು ಇನ್ನೊಂದು ದಂಡೆಯ ನೀರು ತುಂಬಿದೆ. ಒಂದು ಜೇಡ, ಒಂದು ಬುಗುರಿ ಹಿಡಿದು ಬಿಟ್ಟೆ. ಜೇಡ ನಿಂತಿತು, ಬುಗುರಿ ಅಂಚಿಗುಂಟ ಸುತ್ತಿತು. ನಾಲ್ಕು ಕಾಯಿ ಕಿವುಚಿ ಆ ರಸ ಒಂದು ಬದಿಯಿಂದ ಬಿಟ್ಟೆ. ನೊರೆ ಅಷ್ಟೇನೂ ಬರಲಿಲ್ಲ. ಆದರೆ ಜೇಡದ ಹಿಂಗಾಲು ಒಂದು ನೀರೊಳಗೆ ಹೋಯಿತು. ಎತ್ತಿಕೊಳ್ಳಲು ನಡುಗಾಲು ಊರಿತು, ಅದೂ ಹೋಯಿತು. ಸಬಕಾರದಲ್ಲಿ ಆದದ್ದೇ. ಬುಗುರಿ ಮೈ ತಗ್ಗಿಸಿಕೊಂಡು, ಮೊದಲಿಗಿಂತ ಆಳದಲ್ಲಿ, ಸುತ್ತುತ್ತಲೇ ಇತ್ತು. ಜೇಡವನ್ನು ಕಡ್ಡಿಯಿಂದ ಎತ್ತಿ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟೆ. ಅದು ಏಳಲಿಲ್ಲ. ಬುಗುರಿಯನ್ನು ಕೆರೆಗೆ ಬಿಟ್ಟೆ.

ಆ ದಿನವೇ ಅಂಗಡಿಗೆ ಹೋಗಬೇಕಿತ್ತು. ಚಹಾದಂಗಡಿ ಕೆರೆಯಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಒಂದು ವರ್ಷದ ನಂತರ ಬರಿಗೈಯಲ್ಲಿ ಹೋಗಿ ಏನು ಹೇಳುವುದು ಎಂದು ಒಂದು ದಿನ ತಡೆದೆ. ಅವನ ಮಾನ ಹೋದದ್ದು ಗೇಟಿನಲ್ಲಿ, ಮಂದಿಯ ಎದುರು. ಆದ್ದರಿಂದ ತಿರುಗಿ ಕೊಡಬೇಕಾದದ್ದೂ ಅಲ್ಲಿಯೇ, ಮಂದಿಯ ಎದುರಿಗೇ, ಎಂದು ಲೆಕ್ಕ ಹಾಕಿದೆ. ಅದು ಸರಿಯೆನಿಸಿತು. ಆಮೇಲೆ ಅವನ ಹತ್ತಿರ ಹೋದರೆ ಅವನಿಗೆ ಆಗಲೇ ಸುದ್ದಿ ತಲುಪಿರುತ್ತದೆ, ನಾನು ಹೆಚ್ಚು ಮಾತಾಡುವ ಕಾರಣವೂ ಇರುವುದಿಲ್ಲ. ನಿಜ ಹೇಳಬೇಕೆಂದರೆ ಅದೇ ದೊಡ್ಡ ಕಾರಣವಾಗಿತ್ತು.

ಮೂರನೆಯ ದಿನ ಮುಂಜಾನೆ, ನೀರಿನ ಸಾಲು ದೊಡ್ಡದಿದ್ದಾಗ, ಗೇಟಿನ ಹೊಸ್ತಿಲ ಮೇಲೆ ನಿಂತು ಹೇಳಿದೆ. ಹೋದ ವರ್ಷ ಚಹಾದಂಗಡಿಯವನು ಕೆರೆಯಲ್ಲಿ ಗ್ಲಾಸು ತೊಳೆದ ಎಂದು ನಾನು ಹೇಳಿದ್ದು ಸುಳ್ಳು, ನೊರೆ ಅಂಟವಾಳದ್ದು, ಅವನ ತಪ್ಪು ಏನೂ ಇರಲಿಲ್ಲ, ತಪ್ಪು ನನ್ನದು. ನೆನೆದ ಕಾಯಿಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ.

ಸಾಲಿನಲ್ಲಿದ್ದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸದಾಗಿ ಲಗ್ನವಾಗಿ ಬಂದ ಒಬ್ಬ ಸೊಸೆ ಬಾಜು ಇದ್ದವಳನ್ನು, ಏನಾಗಿತ್ತು ಎಂದು ಮೆಲ್ಲಗೆ ಕೇಳಿದಳು. ಬಾಜು ಇದ್ದವಳು ಹೇಳತೊಡಗಿದಳು. ಆ ದಿನ ಕಾಯಿ ಒಡೆಸಿದ ಹಿರಿಯರು ಕೊಡ ಕೆಳಗಿಟ್ಟು ನನ್ನ ಹತ್ತಿರ ಬಂದರು.

“ಚೂರು ತಿಂದ ಮಾತು ಯಾಕ ತಗದಿ?” ಅಂದರು. ಸಿಟ್ಟಿನಿಂದಲ್ಲ, ಇವನಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎನ್ನುವ ಹಾಗೆ.

ಅಷ್ಟರವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಒಂದು ವರ್ಷ ಇಡೀ ಊರು ಬಾಯಿ ಕಟ್ಟಿಕೊಂಡು ಆ ಮಾತನ್ನು ಹೂತಿಟ್ಟಿತ್ತು. ತೆಗೆದವನು ನಾನು.

ಹತ್ತಕ್ಕೆ ಗೇಟು ಮುಚ್ಚಿ ಅಂಗಡಿಗೆ ಹೋದೆ. ಬಸ್ಸು ಆಗಷ್ಟೇ ಹೋಗಿತ್ತು. ಒಳಗೆ ಯಾರೂ ಇರಲಿಲ್ಲ. ಅವನು ಒಲೆಯ ಮುಂದೆ ನಿಂತು ಹಾಲು ಕಾಸುತ್ತಿದ್ದ.

“ಬರ್ರಿ,” ಅಂದ. “ಕೂಡ್ರಿ.”

ಐವತ್ತು ವರ್ಷದ ಪರಿಚಯದಲ್ಲಿ ಅವನು ನನಗೆ ‘ರಿ’ ಹಚ್ಚಿ ಮಾತಾಡಿರಲಿಲ್ಲ. ಬೈದಿದ್ದ, ಲೇ ಎಂದಿದ್ದ, ಒಮ್ಮೆ ಹೊಡೆದೂ ಇದ್ದ. ನಾನು ಗಿರಾಕಿಗಳು ಕೂರುವ ಬಾಕಿನ ತುದಿಗೆ ಕುಳಿತೆ. ಅಂಟವಾಳ ಅಂದೆ. ಗಾಳಿ ಅಂದೆ.

“ಕೇಳೀನ್ರಿ,” ಅಂದ. “ಮುಂಜಾನಿಂದ ಹನ್ನೊಂದು ಮಂದಿ ಬಂದು ಹೇಳ್ಯಾರ. ಅದರಾಗ ಆರು ಮಂದಿಗೆ ಅವತ್ತು ಏನಾಗಿತ್ತು ಅಂತ ಗೊತ್ತಽ ಇರಲಿಲ್ಲ. ಈಗ ಅವರಿಗೂ ಗೊತ್ತಾತು.”

ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಇಳಿಸಿದ. ಅವನ ಕೈ ಎಂದೂ ತಪ್ಪುವುದಿಲ್ಲ. ಆ ದಿನ ನೊರೆ ಅವನಿಗೂ ಕಂಡಿತ್ತೇನು ಎಂದು ಕೇಳಿದೆ. ಕಂಡಿತ್ತು ಎಂದ. ಸಂದಿಯಲ್ಲಿ ಕಾಯಿಯೂ ಕಂಡಿತ್ತು, ಅದನ್ನು ಹೇಳಲೆಂದೇ ಎರಡನೆಯ ಖೇಪಿಗೆ ಬೇಗ ಬಂದೆ, ಗೇಟಿಗೆ ಕೀಲಿ ಇತ್ತು ಎಂದ.

ಗೇಟಿನಲ್ಲಿ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಅದು ಅವನಿಗೆ ತಿಳಿಯಿತು.

“ಅಷ್ಟು ಮಂದಿಗೆ ಹೇಳಿ ನಾ ಏನು ಮಾಡಲಿ?” ಅಂದ. “ನೀವು ಮೊದಲು ನನ್ನ ಹಂತೇಕ ಬರಬೇಕಿತ್ತ್ರಿ. ಅವತ್ತೂ. ಇವತ್ತೂ.”

ಒಂದು ಗ್ಲಾಸು ಚಹಾ ತಂದು ಬಾಕಿನ ಮೇಲೆ ಇಟ್ಟ. ಗಿರಾಕಿಗೆ ಇಡುವ ಹಾಗೆ, ಹಿಡಿಯಲು ಅನುಕೂಲವಾಗಲೆಂದು ಅಂಚಿನಿಂದ ತುಸು ಒಳಗೆ. ಕುಡಿದೆ. ಇನ್ನೊಂದು ಬಸ್ಸು ಬಂತು, ಮಂದಿ ಇಳಿದರು, ಅವನು ಅವರ ಕಡೆ ತಿರುಗಿ ಎಂದಿನ ದನಿಯಲ್ಲಿ ಮಾತಾಡತೊಡಗಿದ. ನಾನು ಎದ್ದು ಬಂದೆ.

ಅಂದಿನಿಂದ ದಿನಾ ಮಧ್ಯಾಹ್ನ ಮೂರಕ್ಕೆ, ಸಂಜೆಯ ಗೇಟಿಗೆ ಮೊದಲು, ಅಲ್ಲಿ ಹೋಗಿ ಒಂದು ಚಹಾ ಕುಡಿಯುತ್ತೇನೆ. ಮಂದಿ ಕಡಿಮೆಯಿರುವ ಹೊತ್ತು. ಅವನು ಇಡುತ್ತಾನೆ, ನಾನು ಕುಡಿಯುತ್ತೇನೆ. ಬಿಸಿಲಿನ ಮಾತು, ಬಸ್ಸಿನ ಮಾತು. ಕೆರೆಗೆ ಅವನು ಬರುವುದಿಲ್ಲ. ಬಾ ಎಂದು ನಾನು ಕರೆದಿಲ್ಲ. ಕರೆಯುವ ಹಕ್ಕು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮುಂಜಾನೆ ಆರೂ ಕಾಲಿಗೆ ಏರಿಯ ಕೆಳಗೆ ಸೈಕಲ್ಲು ಹೋಗುತ್ತದೆ. ಮೂಲೆಯ ಕಾಯಿಗಳನ್ನು ನಾನೇ ಬುಟ್ಟಿಯಲ್ಲಿ ಆರಿಸಿ ತೆಗೆದೆ. ಹದಿನೈದು ದಿನಕ್ಕೆ ಜೇಡಗಳು ತಿರುಗಿ ಬಂದವು. ಬುಗುರಿಗಳು ಅದಕ್ಕೂ ಮೊದಲೇ ಬಂದಿದ್ದವು. ನೋಟುಬುಕ್ಕಿನಲ್ಲಿ ಬರೆದೆ, ಅವನಿಗೆ ಹೇಳಲಿಲ್ಲ.

ಅಂಟವಾಳಕ್ಕೆ ಈಗ ಮತ್ತೆ ಹೂ ಬಂದಿದೆ. ಬೇಲಿಗೆ ಒಂದು ಸಣ್ಣ ಬಾಗಿಲು ಇಡಿಸಿದರೆ ಹೆಣ್ಣುಮಕ್ಕಳು ಬಂದು ಕಾಯಿ ಆರಿಸಿಕೊಂಡು ಹೋಗಬಹುದು ಎಂದು ಬಹಳ ದಿನದಿಂದ ನನ್ನ ತಲೆಯಲ್ಲಿತ್ತು. ಅರ್ಜಿಯನ್ನೂ ಬರೆದಿದ್ದೆ. ನಿನ್ನೆ ಅದನ್ನು ಕಿಸೆಯಲ್ಲಿಟ್ಟುಕೊಂಡು ಪಂಚಾಯಿತಿಯ ಮುಂದಿನಿಂದಲೇ ಹಾದುಹೋದೆ, ಒಳಗೆ ಹೋಗಲಿಲ್ಲ. ನೇರ ಅಂಗಡಿಗೆ ಹೋಗಿ ಬಾಕಿನ ಮೇಲೆ ಕುಳಿತು, ಹೀಗೊಂದು ಬಾಗಿಲು ಮಾಡಿಸಬೇಕೆಂದಿದ್ದೇನೆ, ಮಾಡಿಸಲೋ ಬೇಡವೋ ಎಂದು ಕೇಳಿದೆ.

“ನಿಮ್ಮ ಕೆರಿ, ನಿಮ್ಮ ಬಾಗಲಾ,” ಅಂದ. “ನನ್ನ ಏನು ಕೇಳ್ತೀರಿ.”

ಚಹಾ ಮುಗಿಯಿತು. ಅವನು ಏಳೆಂಟು ಗ್ಲಾಸು ತೊಳೆದು ಒಂದೊಂದಾಗಿ ಬೋರಲು ಹಾಕಿದ. ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಅಂದ:

“ಗಿಡದ ಬುಡಕ್ಕ ಇಡಸಬ್ಯಾಡ್ರಿ, ಅಲ್ಲಿ ಜಾರತೈತಿ. ತೆಂಕಣ ಬಾಜು ಇಡಸ್ರಿ.”

ಸಂಜೆ ಗೇಟು ತೆಗೆಯುವ ಮೊದಲು ಅರ್ಜಿಯಲ್ಲಿ ‘ಗಿಡದ ಬುಡಕ್ಕೆ’ ಎಂದಿದ್ದನ್ನು ಹೊಡೆದುಹಾಕಿ ‘ತೆಂಕಣ ಬಾಜು’ ಎಂದು ಬರೆದೆ.